ನಾತ ಹೋಗಿಸುವ ಪುಡಿ

ಹಾಯಿದೋಣಿಯಲ್ಲಿ ದ್ವೀಪ ಸುತ್ತುವವರು ಊರಿಗೆ ಕಳಿಸುವ ಫೋಟೋಗಳಲ್ಲಿ ಎಲ್ಲವೂ ಇರುತ್ತದೆ, ಪಾಯಿಖಾನೆಯೊಂದನ್ನು ಬಿಟ್ಟು. ಹಸಿರು ನೀರು, ಬಿಳಿ ಮರಳು, ಬಿಸಿಲಿಗೆ ಕೆಂಪಾದ ಗಂಡ, ಅವನ ಕೈಯಲ್ಲೊಂದು ಎಳನೀರು. ಸಿಸ್ಟರ್ ಕೂಡ ತಂಗಿಗೆ ಅಂಥವನ್ನೇ ಕಳಿಸುತ್ತಿದ್ದಳು. 'ಪುಣ್ಯ ಮಾಡಿದ್ದೀಯ ಕಣೇ ಅಕ್ಕ' ಎಂದು ತಂಗಿ ಬರೆಯುತ್ತಿದ್ದಳು. ದೂರದ ಬೆಟ್ಟ ನುಣ್ಣಗೆ. ಹತ್ತಿರ ಬಂದು ಒಮ್ಮೆ ಮೂಸಿದ್ದರೆ ಆ ತಂಗಿ ಮೂಗಿಗೆ ಸೆರಗು ಹಿಡಿದು ಬಂದ ದಾರಿಯಲ್ಲೇ ವಾಪಸು ಹೋಗುತ್ತಿದ್ದಳು.

ಸಿಸ್ಟರ್ ಎಂದರೆ ಆಸ್ಪತ್ರೆಯ ಸಿಸ್ಟರ್. ಮೂವತ್ತೆರಡು ವರ್ಷ ದೊಡ್ಡಾಸ್ಪತ್ರೆಯಲ್ಲಿ ದಾದಿಯಾಗಿದ್ದು, ಕೊನೆಯ ಹತ್ತು ವರ್ಷ ವಾರ್ಡುಗಳ ಶುಚಿತ್ವವನ್ನು ನೋಡಿಕೊಂಡವಳು. ಅವಳ ಚಪ್ಪಲಿಯ ಸದ್ದು ಕೇಳಿದರೆ ಆಯಾಗಳು ಒರೆಸಿದ ನೆಲವನ್ನೇ ಇನ್ನೊಮ್ಮೆ ಒರೆಸುತ್ತಿದ್ದರು. ನಿವೃತ್ತಿಯಾದರೂ ಆ ಹೆಸರು ಅವಳನ್ನು ಬಿಡಲಿಲ್ಲ, ಗಂಡನೂ ಹಾಗೇ ಕರೆಯುತ್ತಿದ್ದ. ಗಂಡ ನೀರು ಸರಬರಾಜು ಇಲಾಖೆಯಲ್ಲಿ ಎಂಜಿನಿಯರಾಗಿದ್ದವನು. 'ಮೂವತ್ತು ವರ್ಷ ಊರಿಗೆಲ್ಲ ಸಿಹಿನೀರು ಕೊಟ್ಟೆ, ಇನ್ಮೇಲೆ ನನಗೊಂದಿಷ್ಟು ಉಪ್ಪುನೀರು ಸಾಕು' ಎಂದು ನಗಾಡಿ ಮೂವತ್ತಾರು ಅಡಿಯ ಹಾಯಿದೋಣಿ ಕೊಂಡ. ಮೂರು ವರ್ಷದಿಂದ ಅದೇ ಮನೆ, ಅದೇ ಮಠ.

ಈಗ ಬಿರುಗಾಳಿಯ ಕಾಲ. ಈ ಕಾಲದಲ್ಲಿ ತಲೆ ಸರಿಯಿರುವವರು ಹೊರಸಮುದ್ರಕ್ಕೆ ಇಳಿಯುವುದಿಲ್ಲ. ಮೂರು ಕಡೆ ಗುಡ್ಡ, ಬಾಯಿಗೆ ಹವಳದ ದಿಬ್ಬ ಅಡ್ಡ ಇರುವ ಈ ಕೊಲ್ಲಿಯಲ್ಲಿ ಎಂಟು ದೋಣಿಗಳು ಲಂಗರು ಹಾಕಿ ಏಳು ತಿಂಗಳಿಂದ ಕೂತಿದ್ದವು. ಲಂಗರು ಹಾಕಿದ ದೋಣಿಯ ಬಾಳು ಎಂದರೆ ಮುಗಿಯದ ತೇವದ ಬಾಳು. ಹಾಸಿಗೆಯ ಬಟ್ಟೆ ಎಂದೂ ಒಣಗುವುದಿಲ್ಲ, ಉಪ್ಪು ಹಿಡಿದು ಮೈಗೆ ಅಂಟುತ್ತದೆ. ಪುಸ್ತಕದ ಬೆನ್ನಿಗೆ, ಬೆಲ್ಟಿಗೆ, ಗಂಡನ ಚಪ್ಪಲಿಗೆ ಹಸಿರು ಬೂಷ್ಟು. ಬಾಳೆಗೊನೆಯ ತೊಟ್ಟಿನಲ್ಲಿ ಬಂದ ಒಂದು ಜಿರಲೆ ಎರಡು ತಿಂಗಳಲ್ಲಿ ಮರಿಮೊಮ್ಮಕ್ಕಳನ್ನು ಕಂಡು, ಚಮಚದ ಡಬ್ಬಿಯಲ್ಲಿ ಸಂಸಾರ ಹೂಡಿತ್ತು. ಹಿಟ್ಟಿನಲ್ಲಿ ಹುಳ. ಮೊದಲ ವರ್ಷ ಸಿಸ್ಟರ್ ಹುಳ ಕಂಡ ಹಿಟ್ಟನ್ನು ಎಸೆದಳು, ಎರಡನೆಯ ವರ್ಷ ಜರಡಿ ಹಿಡಿದಳು, ಮೂರನೆಯ ವರ್ಷ ಜರಡಿಯನ್ನೂ ಸರಿಯಾಗಿ ಹಿಡಿಯಲಿಲ್ಲ. ಇದನ್ನು ಯೋಚಿಸಿದಾಗಲೆಲ್ಲ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಇಷ್ಟನ್ನೆಲ್ಲ ಅವಳು ನುಂಗಿಕೊಂಡಿದ್ದಳು. ನುಂಗಲಾಗದೆ ಉಳಿದದ್ದು ಒಂದೇ, ತಲೆದಿಂಬಿನ ಹಿಂದಿನ ಟ್ಯಾಂಕು. ದೋಣಿಯ ಪಾಯಿಖಾನೆಯ ಪಂಪು ಒತ್ತಿದರೆ ಒಳಗಿದ್ದದ್ದು ಎರಡು ದಾರಿ ಹಿಡಿಯಬಹುದು. ಗೋಡೆಯ ಸಂದಿಯಲ್ಲಿರುವ ಒಂದು ಹಿಡಿಯನ್ನು ಬಲಕ್ಕೆ ತಿರುಗಿಸಿದರೆ ಟ್ಯಾಂಕಿಗೆ, ಎಡಕ್ಕೆ ತಿರುಗಿಸಿದರೆ ನೇರ ನೀರಿಗೆ. ಕೊಲ್ಲಿಯೊಳಗೆ ಇರುವಷ್ಟು ದಿನ ಹಿಡಿ ಬಲಕ್ಕೇ ಇರಬೇಕು. ನಾಲ್ಕೈದು ದಿನಕ್ಕೊಮ್ಮೆ, ಗಾಳಿ ತಣ್ಣಗಿರುವ ಬೆಳಗ್ಗೆ ಲಂಗರೆತ್ತಿ, ದಿಬ್ಬ ದಾಟಿ ಮೂರು ಮೈಲಿ ಹೊರಗೆ ಹೋಗಿ, ಟ್ಯಾಂಕು ಖಾಲಿ ಮಾಡಿ ಬರಬೇಕು. ಇದು ಲಂಗರು ಹಾಕಿದವರೆಲ್ಲ ಒಪ್ಪಿಕೊಂಡ ಕಟ್ಟಳೆ. ಕಟ್ಟಳೆಯೇನೋ ಸರಿ, ಆದರೆ ಆ ನಾಲ್ಕೈದು ದಿನದ ಸರಕು ಅವಳ ತಲೆಯಿಂದ ಗೇಣು ದೂರದಲ್ಲಿ, ಬೆರಳುದಪ್ಪದ ಹಲಗೆಯ ಆಚೆ, ಸೆಕೆಯಲ್ಲಿ ಕೊಳೆಯುತ್ತ ಗುಳುಗುಳು ಎನ್ನುತ್ತಿತ್ತು. ಆ ಗಬ್ಬು ನಾತ ತಲೆದಿಂಬಿಗೆ, ಕೂದಲಿಗೆ, ಬೆಳಗಿನ ಕಾಫಿಗೆ ಹತ್ತಿತ್ತು.

ನಾಲ್ಕು ತಿಂಗಳ ಹಿಂದೆ ಒಂದು ಬೆಳಗ್ಗೆ ಅವಳು ಕಾಫಿಯನ್ನು ಸಮುದ್ರಕ್ಕೆ ಚೆಲ್ಲಿ ಹೇಳಿದಳು: "ಈ ದೋಣೀಲಿ ಒಂದೋ ಆ ಟ್ಯಾಂಕ್ ಇರ್ಬೇಕು, ಇಲ್ಲ ನಾನಿರ್ಬೇಕು. ಯೋಚ್ನೆ ಮಾಡಿ ಹೇಳಿ."

ಗಂಡ ಎರಡು ದಿನ ಯೋಚನೆ ಮಾಡಿದ. ಮೂರನೆಯ ದಿನ ಒಂದು ಡಬ್ಬಿ ತಂದು ಮೇಜಿನ ಮೇಲಿಟ್ಟ. ಒಳಗೆ ಬಿಳಿ ಪುಡಿ.

"ಇದ್ರಲ್ಲಿ ಒಂಥರಾ ಜೀವಾಣು ಇದೆ. ಕಶ್ಮಲನೆಲ್ಲ ತಿಂದು ಹಾಕುತ್ತೆ. ಇಲಾಖೇಲಿ ದೊಡ್ಡ ದೊಡ್ಡ ಘಟಕಕ್ಕೆ ಹಾಕ್ತಿದ್ವಿ."

"ತಿಂದ ಮೇಲೆ ಟ್ಯಾಂಕ್ ಖಾಲಿ ಮಾಡೋದು ಬೇಡ್ವಾ?"

"ಉಳಿಯೋದೇ ಚೂರು. ತಿಂಗಳಿಗೊಮ್ಮೆ ಸಾಕು. ನೀನು ದಡಕ್ಕೆ ಹೋದಾಗ ನಾನೇ ಹೋಗಿ ಬರ್ತೀನಿ ಬಿಡು."

ಮೂರೇ ದಿನದಲ್ಲಿ ನಾತ ಮಂಗಮಾಯ. ವಾರ್ಡಿನಲ್ಲಿ ಸ್ಪಿರಿಟ್ಟಿನ ಬಾಟಲಿಗೆ ನೀರು ಬೆರೆಸಿದವರನ್ನು ಬಣ್ಣ ನೋಡಿಯೇ ಹಿಡಿಯುತ್ತಿದ್ದ ಹೆಂಗಸು ಈ ಮಾತನ್ನು ಇದ್ದ ಹಾಗೇ ನಂಬಿಬಿಟ್ಟಳು. ನಾತ ಹೋದ ಖುಷಿಯಲ್ಲಿ ಬುದ್ಧಿಯೂ ಹೋಗಿತ್ತು. ಅಷ್ಟೇ ಅಲ್ಲ, ಮಾರನೆಯ ದಿನ ರೇಡಿಯೋದಲ್ಲಿ ಗಂಡನನ್ನು ಹೊಗಳಿ ಹಾಡಿದಳು.

ಕೊಲ್ಲಿಯಲ್ಲಿ ಬೆಳಗ್ಗೆ ಎಂಟು ಗಂಟೆಗೆ ಎಲ್ಲ ದೋಣಿಯವರೂ ರೇಡಿಯೋ ಹಾಕುತ್ತಿದ್ದರು. ಇಂದಿನ ಗಾಳಿ ಹೇಗೆ, ಯಾರಿಗೆ ಜ್ವರ, ಯಾರ ಬಳಿ ಹೆಚ್ಚಿನ ಈರುಳ್ಳಿ ಇದೆ, ಎಲ್ಲವೂ ಅಲ್ಲೇ. ಅದನ್ನು ನಡೆಸುವವನು ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರು. ಯಾರೂ ಆರಿಸದಿದ್ದರೂ ತಾನೇ ಮುಂದೆ ಬಂದು ಕೂತಿದ್ದರಿಂದ ಅವನಿಗೆ ಪ್ರೆಸಿಡೆಂಟ್ ಎಂದು ಹೆಸರು ಬಿದ್ದಿತ್ತು. ಸಿಸ್ಟರ್ ಪುಡಿಯ ಮಹಿಮೆ ಹೇಳಿದ್ದೇ ತಡ, ಉಳಿದ ದೋಣಿಗಳ ಹೆಂಗಸರು ನಮಗೂ ಬೇಕು, ನಮಗೂ ಬೇಕು ಎಂದರು. ಗಂಡ ಕಾಗದದ ಪೊಟ್ಟಣ ಕಟ್ಟಿಕೊಂಡು ದೋಣಿಯಿಂದ ದೋಣಿಗೆ ಹೋಗಿ, ಆಯಾ ಯಜಮಾನರನ್ನು ಪಕ್ಕಕ್ಕೆ ಕರೆದು, ಹಾಕುವ ಕ್ರಮ ಹೇಳಿಕೊಟ್ಟು ಬಂದ. ಒಂದು ವಾರದಲ್ಲಿ ಎಲ್ಲ ದೋಣಿಗಳೂ ಘಮಘಮ.

ಪುಡಿ ಬೇಡ ಎಂದವನು ಒಬ್ಬನೇ, ಬಕೆಟ್ ಅಜ್ಜ. ಎಪ್ಪತ್ತು ದಾಟಿದ ಬಡಗಿ, ಒಂಟಿ. ಅವನ ದೋಣಿಯಲ್ಲಿ ಟ್ಯಾಂಕೂ ಇರಲಿಲ್ಲ, ಪಂಪೂ ಇರಲಿಲ್ಲ, ಇದ್ದದ್ದು ಮುಚ್ಚಳವಿರುವ ಒಂದು ಬಕೆಟ್ಟು. ಕೆಲಸ ಮುಗಿದ ಮೇಲೆ ಅದರ ಮೇಲೆ ಒಂದು ಹಿಡಿ ಮರದ ಹೊಟ್ಟು ಉದುರಿಸುತ್ತಿದ್ದ. ದಿನಾ ಬೆಳಗ್ಗೆ ಎಲ್ಲರ ಕಾಫಿಯ ಹೊತ್ತಿಗೆ ಸರಿಯಾಗಿ ಆ ಬಕೆಟ್ಟನ್ನು ಸಣ್ಣ ದೋಣಿಯಲ್ಲಿಟ್ಟುಕೊಂಡು, ಎಲ್ಲರ ಕಣ್ಣ ಮುಂದೆಯೇ ಹುಟ್ಟು ಹಾಕುತ್ತ ದಡಕ್ಕೆ ಹೋಗಿ ಗುಡ್ಡದ ಹಿಂದೆ ಹೂತು ಬರುತ್ತಿದ್ದ. ಹೋಗುವಾಗ ಎಲ್ಲರಿಗೂ ಕೈ ಬೀಸುತ್ತಿದ್ದ. ಸಿಸ್ಟರ್ ಕಾಫಿ ಲೋಟವನ್ನು ಕೆಳಗಿಟ್ಟು ಮುಖ ತಿರುಗಿಸುತ್ತಿದ್ದಳು.

ದಡದಲ್ಲಿ ನಲವತ್ತು ಮನೆಗಳ ಒಂದು ಹಳ್ಳಿ. ವಾರಕ್ಕೆರಡು ದಿನ ಸಿಸ್ಟರ್ ತನ್ನ ಚೀಲ ಹಿಡಿದು ಅಲ್ಲಿಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದಳು, ಮಾತ್ರೆ ಕೊಡುತ್ತಿದ್ದಳು. ಅವಳಿಗೆ ಮರ್ಯಾದೆಯಿದ್ದ ಜಾಗ ಅದೊಂದೇ. ಕಳೆದ ಮೂರು ತಿಂಗಳಿಂದ ಅಲ್ಲಿನ ಮಕ್ಕಳಿಗೆ ಒಂದೇ ಸಮನೆ ಭೇದಿ, ಕಾಲ ತುಂಬ ಕೀವುಗಟ್ಟಿದ ಹುಣ್ಣು. ಮೀನು ಒಣಗಿಸುವ ಹೆಂಗಸೊಬ್ಬಳ ಆರು ವರ್ಷದ ಮಗಳು ಪುಟ್ಟಿ ಎರಡು ತಿಂಗಳಲ್ಲಿ ಮೂರು ಸಲ ಮಲಗಿ, ಪಕ್ಕೆಲುಬು ಎಣಿಸುವ ಹಾಗಾಗಿದ್ದಳು. ಮೂರನೆಯ ಸಲವಂತೂ ಕಣ್ಣು ಗುಳಿಬಿದ್ದು ಅಳಲೂ ನೀರಿಲ್ಲದಂತಾಗಿತ್ತು. ಸಿಸ್ಟರ್ ಒಂದು ಹಗಲೆಲ್ಲ ಚಮಚದಲ್ಲಿ ಓಆರ್‌ಎಸ್ ಹಾಕುತ್ತ ಅವಳ ಪಕ್ಕ ಕೂತಿದ್ದಳು.

ಕೂತಿದ್ದು ನಿಜ, ಬೈದದ್ದೂ ನಿಜ. "ನಿಮ್ಮ ಉಗುರು ನೋಡ್ಕೊಳ್ಳಿ ಒಂದ್ಸಲ. ಮೀನು ಮುಟ್ಟಿದ ಕೈಯಲ್ಲೇ ಮಗೂಗೆ ತುತ್ತು ಇಡ್ತೀರಿ. ಹೇಸಿಗೆ ಅನ್ನಿಸಲ್ವಾ ನಿಮಗೆ? ಪ್ರಾಣಿಗಳೇ ವಾಸಿ." ಹತ್ತು ಜನ ತಾಯಂದಿರ ಎದುರಿಗೇ ಅಂದಿದ್ದಳು. ಆ ಹೆಂಗಸು ತಲೆ ತಗ್ಗಿಸಿ ಕೇಳಿಸಿಕೊಂಡು, ಓಆರ್‌ಎಸ್ ಪೊಟ್ಟಣಗಳನ್ನು ಸೆರಗಿಗೆ ಕಟ್ಟಿಕೊಂಡಿದ್ದಳು.

ಈ ನಡುವೆ ಪ್ರೆಸಿಡೆಂಟ್ ಈಜಲು ಇಳಿದವನು ಏನನ್ನೋ ಕಂಡು ಮುಖ ಕಿವಿಚಿಕೊಂಡು ಮೇಲೆ ಹತ್ತಿದ. ಕೊಲ್ಲಿಯನ್ನು ಯಾರೋ ಹಾಳು ಮಾಡುತ್ತಿದ್ದಾರೆ. ಯಾರು? ಇದಕ್ಕೆ ರೇಡಿಯೋದಲ್ಲಿ ಎರಡು ನಿಮಿಷವೂ ಚರ್ಚೆ ಬೇಕಾಗಲಿಲ್ಲ. ದಿನಾ ಬಕೆಟ್ಟು ಹೊರುವವನು ಇರುವಾಗ ಬೇರೆಯವರನ್ನು ಹುಡುಕುವುದೇಕೆ? ದಾರಿಯಲ್ಲೇ ಸುರಿದುಬಿಡುತ್ತಾನೆ, ದಡಕ್ಕೆ ಹೋಗುವುದು ಬರೀ ನಾಟಕ ಎಂದರು. ಅಜ್ಜನನ್ನು ಕೊಲ್ಲಿಯಿಂದ ಹೊರಗೆ ಕಳಿಸಬೇಕೆಂದು ಬಂದರಿನ ಅಧಿಕಾರಿಗೆ ದೂರು ಕೊಡುವುದೆಂದಾಯಿತು. ಬರೆಯಲು ಸಿಸ್ಟರಿಗಿಂತ ಯೋಗ್ಯರು ಯಾರಿದ್ದಾರೆ? ಅವಳು ಮಕ್ಕಳ ಹೆಸರು, ವಯಸ್ಸು, ಭೇದಿಯಾದ ದಿನ ಎಲ್ಲವನ್ನೂ ಪಟ್ಟಿ ಮಾಡಿ, ಎರಡು ಪುಟ ಬರೆದು, ಕೆಳಗೆ 'ನಿವೃತ್ತ ಶುಶ್ರೂಷಾಧಿಕಾರಿ' ಎಂದು ಸಹಿ ಹಾಕಿದಳು. ಬರೆಯುವಾಗ ಒಳ್ಳೆಯ ಕೆಲಸ ಮಾಡುತ್ತಿರುವ ಬಿಸುಪು ಎದೆಯಲ್ಲಿತ್ತು.

ಅಧಿಕಾರಿಯ ದೋಣಿ ಗುರುವಾರ ಹತ್ತು ಗಂಟೆಗೆ ಬರುವುದಿತ್ತು. ಎಂಟು ಗಂಟೆಗೆ ರೇಡಿಯೋದಲ್ಲಿ ಎಲ್ಲರೂ ಒಂದು ಸಲ ಹೂಂ ಅಂದರೆ ಕಾಗದ ಅವನ ಕೈಗೆ ಹೋಗುತ್ತದೆ. ಅಜ್ಜನ ಎಂಜಿನ್ನು ಕೆಟ್ಟು ವರ್ಷವಾಗಿತ್ತು, ಚುಕ್ಕಾಣಿಯನ್ನು ರಿಪೇರಿಗೆಂದು ಬಿಚ್ಚಿಟ್ಟುಕೊಂಡಿದ್ದ. ಆಸರೆಯ ಇನ್ನೊಂದು ಜಾಗ ಎರಡು ದಿನದ ದಾರಿ. ಈ ಗಾಳಿಯಲ್ಲಿ ಹೊರಟರೆ ಅಜ್ಜ ತಲುಪುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ.

ಬುಧವಾರ ಮಧ್ಯಾಹ್ನ ಸಿಸ್ಟರ್ ದಡದಿಂದ ಬಂದಾಗ ಗಂಡ ಪ್ರೆಸಿಡೆಂಟನ ದೋಣಿಯಲ್ಲಿ ಇಸ್ಪೀಟಿಗೆ ಹೋಗಿದ್ದ. ಅವತ್ತು ಹುಣ್ಣಿನ ಮಕ್ಕಳು ಹದಿನಾಲ್ಕು. ಎಲ್ಲರ ಕಾಲಿಗೂ ನೇರಳೆ ಔಷಧಿ ಬಳಿದಿದ್ದಳು. ಔಷಧಿ ಕದಡಿದ ಬೋಗುಣಿಯಲ್ಲಿ ಕೀವು ಒರೆಸಿದ ಹತ್ತಿ, ತಳದಲ್ಲಿ ಲೋಟದಷ್ಟು ನೇರಳೆ ನೀರು. ಹತ್ತಿಯನ್ನು ಸುಡಲು ತೆಗೆದಿಟ್ಟಳು. ಕೀವಿನ ನೀರನ್ನು ಕೊಲ್ಲಿಗೆ ಚೆಲ್ಲುವುದುಂಟೇ? ಅವಳು ಅಂಥವಳಲ್ಲ. ಪಾಯಿಖಾನೆಗೆ ಸುರಿದು, ಹದಿನೈದು ಸಲ ಪಂಪು ಒತ್ತಿ, ಟ್ಯಾಂಕಿಗೆ ಹೋಯಿತು ಎಂದುಕೊಂಡು ಕೈ ತೊಳೆದು ಮೇಲೆ ಬಂದಳು.

ದೋಣಿಯ ಎಡಮಗ್ಗುಲಲ್ಲಿ ನೀರು ನೇರಳೆಯಾಗಿತ್ತು.

ಮೊದಲು ಅದೇನೆಂದು ಅವಳಿಗೆ ತಿಳಿಯಲಿಲ್ಲ. ಬಗ್ಗಿ ನೋಡಿದಳು. ನೀರಿನ ಮಟ್ಟಕ್ಕಿಂತ ಮೊಳ ಕೆಳಗೆ, ದೋಣಿಯ ಹೊಟ್ಟೆಯಲ್ಲಿರುವ ತೂತಿನಿಂದ ಬಣ್ಣ ಹೊಗೆಯಂತೆ ಬಂದು ಹರಡುತ್ತಿತ್ತು. ಕೆಳಗೆ ಓಡಿ ಉಳಿದ ಔಷಧಿಯನ್ನೆಲ್ಲ ಸುರಿದು ಮತ್ತೆ ಒತ್ತಿದಳು. ಮೇಲೆ ಬಂದರೆ ಇನ್ನೂ ಗಾಢ. ಜೊತೆಗೆ ಬೇರೇನೋ ತುಣುಕುಗಳು. ಬೆಳಗ್ಗೆ ಪಾಯಿಖಾನೆಯಲ್ಲಿ ಕೂತದ್ದು ಅವಳೇ, ಪೈಪಿನಲ್ಲಿ ಉಳಿದದ್ದು ಈಗ ಹೊರಬಂದಿತ್ತು.

ಆಗಲೇ ಪುಟ್ಟಿ ಕಂಡಳು. ಮಲಗಿದ್ದ ಹುಡುಗಿ ಎದ್ದು ವಾರವಾಗಿತ್ತು, ಎದ್ದವಳೇ ನೀರಿಗೆ ಬಿದ್ದಿದ್ದಳು. ಸಿಸ್ಟರ್ ಮೇಲೆ ನಿಂತಿದ್ದನ್ನು ನೋಡಿ ಮೀನಿನಂತೆ ಈಜುತ್ತ ಬರುತ್ತಿದ್ದಳು.

"ಬರ್ಬೇಡ, ಆ ಕಡೆ ಹೋಗು. ಪುಟ್ಟಿ, ಹೋಗೇ ಆ ಕಡೆ."

ಹುಡುಗಿ ಆಟವೆಂದುಕೊಂಡಳು. ಬಣ್ಣದ ನೀರು ಕಂಡು ಕೇಕೆ ಹಾಕಿ ಅದರೊಳಗೇ ಮುಳುಗಿ, ಮೇಲೆ ಬಂದು, ಬಾಯಿ ತುಂಬ ನೀರು ತುಂಬಿಕೊಂಡು ಕಾರಂಜಿಯ ಹಾಗೆ ಉಗಿದಳು. ಸಿಸ್ಟರ್ ಏಣಿಯಿಂದ ಬಗ್ಗಿ ಅವಳ ರಟ್ಟೆ ಹಿಡಿದು ಎಳೆದುಕೊಂಡಳು. ಒಂದು ವಾರಕ್ಕೆಂದು ಇಟ್ಟಿದ್ದ ಸಿಹಿನೀರನ್ನೆಲ್ಲ ತಲೆಯ ಮೇಲೆ ಸುರಿದು, ಸಾಬೂನು ಹಚ್ಚಿ ಉಜ್ಜಿದಳು. ಬಾಯಿಗೆ ಬೆರಳು ಹಾಕಿ ತೊಳೆದಳು, ಮತ್ತೆ ಮತ್ತೆ ಮುಕ್ಕಳಿಸುವಂತೆ ಮಾಡಿದಳು. ಹುಡುಗಿ ಉರಿಯುತ್ತೆ ಎಂದು ಅತ್ತಳು.

ಅವಳನ್ನು ದಡಕ್ಕೆ ಬಿಟ್ಟು ಬಂದ ಮೇಲೆ ಸಿಸ್ಟರ್ ಮಂಚದ ಹಿಂದಿನ ಹಲಗೆ ಬಿಚ್ಚಿ ಟ್ಯಾಂಕಿನ ಮುಚ್ಚಳ ತಿರುಗಿಸಿದಳು. ಒಳಗೆ ಒಣಗಿದ ಟ್ಯಾಂಕು, ತಿಂಗಳುಗಟ್ಟಲೆಯಿಂದ ಹನಿ ಕಾಣದ್ದು. ಗೋಡೆಯ ಸಂದಿಯಲ್ಲಿ ಹಿಡಿ ಎಡಕ್ಕಿತ್ತು, ಅಲುಗಾಡದ ಹಾಗೆ ತಂತಿಯಲ್ಲಿ ಬಿಗಿದಿದ್ದ ಪುಣ್ಯಾತ್ಮ. ಪುಡಿಯ ಡಬ್ಬಿ ತೆಗೆದು ನಾಲಿಗೆಯ ತುದಿಗೆ ಹಚ್ಚಿದಳು. ಅಡುಗೆ ಸೋಡಾ.

ಸಂಜೆ ಗಂಡ ಗೆದ್ದ ಖುಷಿಯಲ್ಲಿ ಸಿಳ್ಳೆ ಹಾಕುತ್ತ ಬಂದ. ಮಂಚದ ಮೇಲಿದ್ದ ಹಲಗೆ ನೋಡಿ ಸಿಳ್ಳೆ ನಿಲ್ಲಿಸಿದ.

"ನಾನೇನೂ ಮಾಡಿಲ್ಲ" ಎಂದ. ಯಾರೂ ಏನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ.

"ನಾಲ್ಕು ತಿಂಗಳಿಂದ?" ಎಂದಳು ಸಿಸ್ಟರ್.

"ನೋಡು, ಇಷ್ಟು ದೊಡ್ಡ ಸಮುದ್ರ. ನಮ್ಮಿಬ್ಬರದ್ದು ಎಷ್ಟಾದೀತು? ದಿನಕ್ಕೆ ಎರಡು ಸಲ ಉಬ್ಬರ ಇಳಿತ ಇರುತ್ತೆ, ಎಲ್ಲ ತೊಳ್ಕೊಂಡು ಹೋಗುತ್ತೆ."

"ಹವಳದ ದಿಬ್ಬ ಅಡ್ಡ ಇರೋವಾಗ ಎಲ್ಲಿ ತೊಳ್ಕೊಂಡು ಹೋಗುತ್ತೆ? ನೀರಿನ ಇಲಾಖೆ ಎಂಜಿನಿಯರಿಗೆ ನಾನು ಹೇಳ್ಕೊಡ್ಬೇಕಾ? ಆ ಮಗು ಅದರಲ್ಲಿ ಮುಳುಗಿ ಬಾಯಿ ತುಂಬ ಉಗೀತಿತ್ತು. ಮೂರು ಸಲ ಸಾಯೋ ಹಾಗಾಗಿತ್ತು ಅದಕ್ಕೆ."

"ದಡದಲ್ಲಿ ಇರೋರೆಲ್ಲ ಏನು ಮಹಾ ಶುದ್ಧಾನಾ? ನೀನೇ ಬಂದು ಹೇಳ್ತಿದ್ದೆ, ಕೊಳಕರು, ಕೈ ತೊಳೆಯಲ್ಲ ಅಂತ."

ಸಿಸ್ಟರಿಗೆ ಆ ಮಾತು ಕಪಾಳಕ್ಕೆ ಬಿದ್ದ ಹಾಗಾಯಿತು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದೆಲೆಯ ನೊಣ ಹುಡುಕಿದವಳು ಅವಳೇ. ಎದುರಿಗಿದ್ದ ಗಂಡನ ಮುಖ ನೋಡಿದಳು. ಮೂವತ್ತೈದು ವರ್ಷ ಒಟ್ಟಿಗೆ ಉಂಡ ಮುಖ. ಗಲ್ಲದ ಮೇಲೆ ಪ್ರೆಸಿಡೆಂಟನ ಮನೆಯ ಕರಿದ ತಿಂಡಿಯ ಎಣ್ಣೆ ಮಿಂಚುತ್ತಿತ್ತು. ಅದನ್ನು ನೋಡಲಾರದೆ ಕಣ್ಣು ತಿರುಗಿಸಿದಳು.

"ನಾಳೆ ಆ ಅಜ್ಜನ್ನ ಓಡಿಸ್ತಾರೆ. ಗೊತ್ತಿದ್ದೂ ಸುಮ್ಮನಿದ್ರಿ. ನನ್ನ ಕೈಯಲ್ಲಿ ಸಹಿ ಹಾಕಿಸಿದ್ರಿ."

"ಅವನೇನು ನಿನ್ನ ಚಿಕ್ಕಪ್ಪನಾ? ಬಾಯಿ ಬಿಟ್ರೆ ನಾನು ಇಲ್ಲಿ ತಲೆಯೆತ್ತಿ ಓಡಾಡೋ ಹಾಗಿಲ್ಲ. ಯೋಚ್ನೆ ಮಾಡು." ಆಮೇಲೆ ತಗ್ಗಿದ ದನಿಯಲ್ಲಿ ಸೇರಿಸಿದ: "ಅಷ್ಟಕ್ಕೂ ನಾತ ಬೇಡ ಅಂದಿದ್ದು ಯಾರು? ಟ್ಯಾಂಕ್ ಇರ್ಬೇಕು ಇಲ್ಲ ನಾನಿರ್ಬೇಕು ಅಂದಿದ್ದು ಯಾರು? ನಾನಾ?"

ಮೂಗು ಮುಚ್ಚಿಕೊಂಡು ಕೂತವಳು, ನಾತ ಎಲ್ಲಿಗೆ ಹೋಯಿತು ಎಂದು ಒಂದು ದಿನವೂ ಕೇಳಿರಲಿಲ್ಲ. ಕೇಳದೇ ಇದ್ದದ್ದು ಹೊಳೆಯದೆಯೋ ಅಥವಾ ಬೇಡವೆಂದೋ ಎಂದು ತನ್ನನ್ನೇ ಕೇಳಿಕೊಂಡಳು. ಬಂದ ಉತ್ತರ ಹಿಡಿಸಲಿಲ್ಲ. ಊಟ ಮಾಡದೆ, ಹಿಡಿಗೆ ಬಿಗಿದ ತಂತಿಯನ್ನು ಇಕ್ಕಳದಿಂದ ಕತ್ತರಿಸಿ, ಬಲಕ್ಕೆ ತಿರುಗಿಸಿ ಮಲಗಿದಳು.

ಬೆಳಗ್ಗೆ ಎಂಟಕ್ಕೆ ಪ್ರೆಸಿಡೆಂಟನ ದನಿ ರೇಡಿಯೋದಲ್ಲಿ ಗಂಟಲು ಸರಿಮಾಡಿಕೊಂಡಿತು. ಗಾಳಿ ಆಗ್ನೇಯದಿಂದ, ಹೊರಗೆ ಅಲೆ ಎರಡಾಳು ಎತ್ತರ. ಆಮೇಲೆ ವಿಷಯಕ್ಕೆ ಬಂದ.

"ದೂರಿನ ಕಾಗದ ನನ್ನ ಹತ್ರ ತಯಾರಿದೆ. ಸಿಸ್ಟರ್ ಬಹಳ ಚೆನ್ನಾಗಿ ಬರ್ದಿದ್ದಾರೆ. ನಮಗೆ ಯಾರ ಮೇಲೂ ದ್ವೇಷ ಇಲ್ಲ, ಮಕ್ಕಳ ಆರೋಗ್ಯದ ಪ್ರಶ್ನೆ. ಯಾರದ್ದಾದ್ರೂ ಆಕ್ಷೇಪಣೆ ಇದೆಯಾ?"

ಗಂಡ ಮೈಕಿನ ಪಕ್ಕವೇ ಕೂತಿದ್ದ. ಸಿಸ್ಟರ್ ಕೈ ಚಾಚಿದಾಗ ಅವನು ಅದನ್ನು ಹಿಡಿದುಕೊಂಡ, ಬಿಗಿಯಾಗಿಯೇ. "ಬೇಡ ಕಣೇ" ಎಂದ. ಮದುವೆಯಾದ ಹೊಸದರಲ್ಲಿ ಬಿಟ್ಟರೆ ಎಂದೂ ಕಣೇ ಅಂದವನಲ್ಲ. ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು, ಆಸ್ಪತ್ರೆಯಲ್ಲಿ ನೋವಿಗೆ ಕೈ ಹಿಡಿದುಕೊಂಡ ರೋಗಿಗಳ ಬೆರಳನ್ನು ಬಿಡಿಸುವ ಹಾಗೆ.

"ನಾನು ಸಿಸ್ಟರ್ ಮಾತಾಡ್ತಿರೋದು. ಆ ಕಾಗದ ಹರಿದು ಹಾಕಿ. ಅಜ್ಜಂದೇನೂ ತಪ್ಪಿಲ್ಲ. ಕೊಲ್ಲಿಗೆ ಬಿಡ್ತಿರೋದು ನಮ್ಮ ದೋಣಿ. ನಾಲ್ಕು ತಿಂಗಳಿಂದ ನಮ್ಮ ಟ್ಯಾಂಕಿಗೆ ಒಂದು ಹನಿ ಹೋಗಿಲ್ಲ, ಎಲ್ಲ ನೇರ ನೀರಿಗೆ. ನಿನ್ನೆ ನಾನೇ ಬಣ್ಣ ಹಾಕಿ ನೋಡಿದೆ. ಅಧಿಕಾರಿ ಬಂದ ಮೇಲೆ ಅವರಿಗೂ ಇದನ್ನೇ ಹೇಳ್ತೀನಿ."

ರೇಡಿಯೋ ಗೊರಗೊರ ಎಂದಿತು. ಪಕ್ಕದಲ್ಲಿ ಗಂಡ ಹಣೆಗೆ ಕೈ ಹಚ್ಚಿ ಕೂತಿದ್ದ. ಎಷ್ಟೋ ಹೊತ್ತಿನ ಮೇಲೆ ಒಂದು ಹೆಂಗಸಿನ ದನಿ ಕೇಳಿತು, ಪ್ರೆಸಿಡೆಂಟನ ಹೆಂಡತಿಯದು.

"ಸಿಸ್ಟರ್, ಹಾಗಾದ್ರೆ ಆ ಪುಡಿ?"

"ಪುಡಿ ಅಡುಗೆ ಸೋಡಾ ಕಣಮ್ಮ. ನಾತ ಹೋಗಿದ್ದು ಹಿಡಿ ತಿರುಗಿಸಿದ್ದಕ್ಕೆ."

"ಆದ್ರೆ ನಮ್ಮ ದೋಣೀಲೂ ನಾತ ಹೋಯ್ತಲ್ಲ."

ಈ ಪ್ರಶ್ನೆ ರಾತ್ರಿಯಿಡೀ ಮಗ್ಗುಲು ಬದಲಿಸಿದ ಸಿಸ್ಟರಿಗೆ ಹೊಳೆದಿರಲಿಲ್ಲ. ಸೋಡಾ ಹಾಕಿದ ಏಳು ದೋಣಿಗಳಲ್ಲೂ ನಾತ ಹೋಗಿತ್ತು. ಪೊಟ್ಟಣ ಹಿಡಿದು ಗಂಡ ಒಬ್ಬೊಬ್ಬ ಯಜಮಾನನ ಕಿವಿಯಲ್ಲಿ ಹೇಳಿಕೊಟ್ಟ ಕ್ರಮ ಏನೆಂದು ಈಗ ತಿಳಿಯಿತು. ಅವಳು ಅವನ ಕಡೆ ತಿರುಗಿದಳು. ಅವನು ನೆಲ ನೋಡುತ್ತಿದ್ದ. ಬೇರೆ ದೋಣಿಗಳಲ್ಲೂ ಆ ಹೊತ್ತಿಗೆ ಹೆಂಡತಿಯರು ಗಂಡಂದಿರ ಕಡೆ ತಿರುಗಿರಬೇಕು, ಯಾಕೆಂದರೆ ರೇಡಿಯೋದಲ್ಲಿ ಒಬ್ಬರೂ ಉಸಿರೆತ್ತಲಿಲ್ಲ.

ಕೊನೆಗೆ ಪ್ರೆಸಿಡೆಂಟನೇ ಮಾತಾಡಿದ. ದನಿಯಲ್ಲಿ ಬ್ಯಾಂಕಿನ ನಯವೆಲ್ಲ ವಾಪಸು ಬಂದಿತ್ತು.

"ಸಿಸ್ಟರ್, ಎಲ್ಲರೂ ಕೇಳಿಸ್ಕೊಳ್ತಿರೋ ಕಡೆ ಇಂಥದ್ದೆಲ್ಲ ಬೇಡ. ನಾವೆಲ್ಲ ಒಂದು ಕುಟುಂಬದ ಥರ ಇರೋರು. ತಪ್ಪು ಯಾರಿಗಾದ್ರೂ ಆಗುತ್ತೆ. ದೂರು ವಾಪಸ್ ತಗೊಂಡಿದ್ದೀವಿ ಅಂತಿಟ್ಕೊಳ್ಳಿ, ಅಧಿಕಾರಿಗೆ ಹೇಳೋ ಅಗತ್ಯಾನೂ ಇಲ್ಲ. ಮುಂದಿನ ವಿಷಯ, ಯಾರ ಹತ್ರನಾದ್ರೂ ಈರುಳ್ಳಿ ಇದೆಯಾ?"

"ಇದೆ, ಎರಡು ಕಿಲೋ" ಎಂದಿತು ಒಂದು ಗಂಡುದನಿ, ತಡಮಾಡದೆ.

ಸಿಸ್ಟರ್ ಮೈಕು ಕೆಳಗಿಟ್ಟಳು. ಅಜ್ಜನನ್ನು ಸಾಯಲು ಕಳಿಸುವುದಕ್ಕೆ ಎರಡು ಪುಟ ಬೇಕಾಗಿತ್ತು. ಏಳು ದೋಣಿಗಳ ಹೇಲನ್ನು ಮುಚ್ಚುವುದಕ್ಕೆ ಎರಡು ಕಿಲೋ ಈರುಳ್ಳಿ ಸಾಕಾಯಿತು. ಹೇಸಿಗೆ ಎಂಬ ಪದವನ್ನು ಅವಳು ಕೀವಿಗೆ, ರಕ್ತಕ್ಕೆ, ಹುಳ ಬಿದ್ದ ಗಾಯಕ್ಕೆ ಬಳಸಿ ಅಭ್ಯಾಸವಾಗಿದ್ದವಳು. ಅವಕ್ಕೆಲ್ಲ ಔಷಧಿಯಾದರೂ ಇತ್ತು.

ಅಧಿಕಾರಿ ಬರಲು ಇನ್ನೂ ಹೊತ್ತಿತ್ತು. ಅವಳು ರಬ್ಬರ್ ದೋಣಿ ಬಿಚ್ಚಿ ಮೊದಲು ಅಜ್ಜನ ದೋಣಿಯ ಹತ್ತಿರ ಹೋದಳು. ಕೊಲ್ಲಿಯಲ್ಲಿ ರೇಡಿಯೋ ಇಲ್ಲದವನು ಅಜ್ಜನೊಬ್ಬನೇ. ಅವನು ಚುಕ್ಕಾಣಿಯ ಹಲಗೆಯನ್ನು ತೊಡೆಯ ಮೇಲಿಟ್ಟು ಉಜ್ಜುತ್ತಿದ್ದ. ಹೀಗೆ ಹೀಗೆ ಎಂದು ಅವಳು ಎಲ್ಲವನ್ನೂ ಹೇಳಿದಳು, ತಾನು ಬರೆದ ಕಾಗದದ್ದೂ ಸೇರಿಸಿ. ಅಜ್ಜ ಉಜ್ಜುವುದನ್ನು ನಿಲ್ಲಿಸದೆ ಕೇಳಿದ.

"ಸರಿಯಮ್ಮ. ಈಗ ಇದನ್ನ ಅರ್ಜೆಂಟಾಗಿ ಜೋಡಿಸ್ಬೇಕಾ, ನಿಧಾನಕ್ಕೆ ಮಾಡ್ಬಹುದಾ, ಅಷ್ಟು ಹೇಳು."

"ನಿಧಾನಕ್ಕೆ ಮಾಡಿ ಅಜ್ಜ."

"ಹಾಗಾದ್ರೆ ಇನ್ನೊಂದು ಕೋಟ್ ವಾರ್ನಿಶ್ ಹೊಡೀತೀನಿ" ಎಂದು ಅವನು ಡಬ್ಬಿ ಹುಡುಕಲು ಒಳಗೆ ಹೋದ.

ದಡದಲ್ಲಿ ಮೀನು ಒಣಗಿಸುವ ಹೆಂಗಸು ಚಪ್ಪರದ ಕೆಳಗೆ ಕುಕ್ಕರುಗಾಲಲ್ಲಿ ಕೂತು ಮೀನಿನ ಹೊಟ್ಟೆ ಸೀಳುತ್ತಿದ್ದಳು. ಸುತ್ತ ನೊಣ. ಪುಟ್ಟಿ ಕಂಬಕ್ಕೊರಗಿ ಕೂತಿದ್ದಳು. ನೆತ್ತಿಯಲ್ಲಿ ಇನ್ನೂ ನೇರಳೆ ಕಲೆ, ಮುಖ ಮತ್ತೆ ಬಾಡಿತ್ತು. ರಾತ್ರಿ ನಾಲ್ಕು ಸಲ ಹೋಗಿದ್ದಾಳೆ ಎಂದಳು ತಾಯಿ, ತಲೆಯೆತ್ತದೆ. ಸಿಸ್ಟರ್ ಅವಳ ಎದುರು ಮರಳಿನ ಮೇಲೆ ಕೂತಳು. ಅಲ್ಲಿ ಅವಳು ನೆಲದ ಮೇಲೆ ಕೂತದ್ದು ಅದೇ ಮೊದಲು, ಬೇರೆ ದಿನ ಅವಳಿಗಾಗಿ ಒಂದು ಸ್ಟೂಲು ತಂದಿಡುತ್ತಿದ್ದರು.

"ನಿಮ್ಮ ಕೈಯಿಂದ ಬಂದಿದ್ದಲ್ಲ ಇದು" ಎಂದಳು. "ನಮ್ಮ ದೋಣಿಗಳಿಂದ ಬಂದಿದ್ದು. ನಮ್ಮದು, ಉಳಿದವರದ್ದು. ನಾಲ್ಕು ತಿಂಗಳಿಂದ ಎಲ್ಲ ನೀರಿಗೇ ಬಿಟ್ಟಿದ್ದೀವಿ."

ಹೆಂಗಸು ಮೀನಿನ ಕರುಳನ್ನು ಬೆರಳಿನಿಂದ ಎಳೆದು ಬುಟ್ಟಿಗೆ ಹಾಕಿದಳು.

"ಗೊತ್ತಲ್ಲ" ಎಂದಳು.

"ಏನು ಗೊತ್ತು?"

"ಬೆಳಗ್ಗೆ ತೇಲ್ಕೊಂಡು ಬರುತ್ತೆ. ನಮ್ಮ ಗಂಡಸರ ಬಲೆಗೂ ಸಿಕ್ಕುತ್ತೆ. ಜೊತೆಗೆ ಮೆತ್ತನೆ ಕಾಗದ ಇರುತ್ತಲ್ಲ, ಅಂಥದ್ದು ನಾವು ಯಾರೂ ಬಳಸಲ್ಲ."

ಸಿಸ್ಟರ್ ಚೀಲವನ್ನು ಮರಳಿನ ಮೇಲಿಟ್ಟಳು. "ಮತ್ತೆ ಒಂದು ಮಾತು ಹೇಳ್ಬಾರ್ದಿತ್ತಾ? ಎಲ್ಲರ ಎದುರಿಗೆ ಅಷ್ಟೊಂದು ಬೈದ್ನಲ್ಲ ನಿಮ್ಮನ್ನ."

"ಬೈದ ಮೇಲೆ ಔಷಧಿ ಕೊಡ್ತಿದ್ರಿ" ಎಂದಳು ಹೆಂಗಸು. "ಹೇಳಿದ್ರೆ ನಿಮಗೆ ಬೇಜಾರಾಗಿ ಬರೋದು ಬಿಟ್ಟುಬಿಟ್ರೆ? ಇದಕ್ಕೆ ಹುಷಾರಿಲ್ಲದಾಗ ಬೇರೆ ಯಾರಿದ್ದಾರೆ ನಮಗೆ? ಬೈಗುಳ ಏನು, ಮೈಗೆ ಅಂಟುತ್ತಾ?" ಅವಳು ಮೊಣಕೈಯಿಂದ ಮಗಳನ್ನು ಮುಂದಕ್ಕೆ ತಳ್ಳಿದಳು. "ಇವತ್ತೂ ಏನಾದ್ರೂ ಬೈಯೋದಿದ್ರೆ ಬೇಗ ಬೈದು ಮುಗ್ಸಿ ಸಿಸ್ಟರ್. ಮೀನು ಬಿಸಿಲಿಗೆ ಹಾಕ್ಬೇಕು."

ಪುಟ್ಟಿ ಬಂದು ಅವಳ ಮುಂದೆ ನಿಂತು, ಅಭ್ಯಾಸದಂತೆ ನಾಲಿಗೆ ಚಾಚಿದಳು. ಸಿಸ್ಟರ್ ಚೀಲದ ಬಾಯಿ ಬಿಚ್ಚಿದಳು, ಓಆರ್‌ಎಸ್ ಪೊಟ್ಟಣ ಕೈಗೆ ಸಿಕ್ಕಿತು. ಅದನ್ನು ಹರಿಯದೆ, ಪುಟ್ಟಿಯ ನೆತ್ತಿಯ ನೇರಳೆ ಕಲೆ ನೋಡುತ್ತ ಕೂತಳು. ಆ ಹೆಂಗಸು ಚಾಕು ಕೆಳಗಿಟ್ಟು, ಕೈಯನ್ನು ಸೀರೆಗೆ ಒರೆಸಿಕೊಂಡು, ಪೊಟ್ಟಣವನ್ನು ಅವಳ ಕೈಯಿಂದ ತೆಗೆದುಕೊಂಡು ಹಲ್ಲಿನಿಂದ ಕಚ್ಚಿ ಹರಿದಳು.